“ಅರ್ಜಿ ಎಲ್ಲಿ ಹೋತ್ರಿ?”

ಭೂಸನೂರಿನಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾದರೆ ನನ್ನ ಟೈಪಿಂಗ್ ಅಂಗಡಿಗೂ ಹಂಗಾಮೇ. ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳ ಹಿಂದೆಯೇ ಅರ್ಜಿಗಳೂ ಬರುತ್ತವೆ. ಬ್ಯಾಂಕಿಗೊಂದು, ಆಳಂದದ ತಹಸೀಲಿಗೊಂದು.

ಅಂಥ ಒಂದು ಸಂಜೆ ವರ್ಡ್ ಒತ್ತಿದೆ. ಕೆಳಗಿನ ಪಟ್ಟಿಯಲ್ಲಿ ಅದರ ನೀಲಿ ಗುರುತು ಬಂತು, ಪರದೆಯ ಮೇಲೆ ಏನೂ ಇಲ್ಲ. ಮತ್ತೆ ಒತ್ತಿದೆ. ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದೆ. ಎದುರಿಗೆ ಕೂತ ರೈತರಿಗೆ ಕೊನೆಯ ಬಸ್ಸಿನ ಚಿಂತೆ. “ಅರ್ಜಿ ಎಲ್ಲಿ ಹೋತ್ರಿ?” ಅಂತ ಕೇಳಿದರು. ವರ್ಡನ್ನೇ ಕಿತ್ತು ಮತ್ತೆ ಹಾಕಲು ಹೊರಟಿದ್ದೆ. ಝೆರಾಕ್ಸಿಗೆ ಬಂದಿದ್ದ ಡಿಗ್ರಿ ಹುಡುಗ ತಡೆದ. “ಕಾಕಾ, ಎಲ್ಲೂ ಹೋಗಿಲ್ರಿ. ಆ ಕೆಟ್ಟ ಮಾನಿಟರಿನ ಮ್ಯಾಲ ಕುಂತದ.”

ನಿಜವೇ. ನನ್ನ ಎರಡನೇ ಮಾನಿಟರಿನ ಬೆಳಕು ಹಿಂದಿನ ದಿನ ಹೋಗಿತ್ತು. ಕೇಬಲ್ ಕೀಳಲು ಬೇಸರಪಟ್ಟು ಹಾಗೇ ಬಿಟ್ಟಿದ್ದೆ. ಕಂಪ್ಯೂಟರಿನ ಲೆಕ್ಕದಲ್ಲಿ ಆ ಪರದೆ ಇನ್ನೂ ಜೀವಂತ! ವರ್ಡ್ ಕಳೆದ ಸಲ ಎಲ್ಲಿ ಮುಚ್ಚಿತೋ ಅಲ್ಲೇ, ಅಷ್ಟೇ ಅಗಲಕ್ಕೆ ತೆರೆಯುವ ಜಾತಿ. ಕಡತಗಳು ನಾಲ್ಕಿದ್ದರೆ ಕೊನೆಗೆ ಮುಚ್ಚಿದ್ದರ ಜಾಗವೇ ಅದಕ್ಕೆ ನೆನಪು. ತೆರೆದ ಮೇಲೆ ಎಳೆದಾಡುವುದರಲ್ಲೇ ನಾನು ವರ್ಷಗಟ್ಟಲೆ ಕಳೆದಿದ್ದೆ. ಮುಚ್ಚುವಾಗ ಒಮ್ಮೆಯೂ ನೋಡಿರಲಿಲ್ಲ.

ಹುಡುಗ ನೀಲಿ ಗುರುತಿನ ಮೇಲೆ ಒತ್ತಿ, ವಿಂಡೋಸ್ ಮತ್ತು ಶಿಫ್ಟ್ ಕೀ ಹಿಡಿದು ಎಡ ಬಾಣ ತಟ್ಟಿದ. ಕಡತ ಜಿಗಿದು ಈಚೆ ಬಂತು. ಒಂದೇ ಪರದೆ ಇದ್ದು ಅಂಚಿನಾಚೆ ಜಾರಿದ್ದರೆ ಆಲ್ಟ್ ಜೊತೆ ಸ್ಪೇಸ್‌ಬಾರ್, ಆಮೇಲೆ ಎಂ, ಆಮೇಲೆ ಬಾಣ ಒಮ್ಮೆ ಒತ್ತಿ ಮೌಸ್ ಆಡಿಸಿದರೆ ಹಿಂದೆಯೇ ಬರುತ್ತದೆ. ಪೂರ್ತಿ ಹಿಗ್ಗಿದ ಕಿಟಕಿಗೆ ಇದು ನಡೆಯದು. ಮೊದಲು ಆಲ್ಟ್ ಜೊತೆ ಸ್ಪೇಸ್‌ಬಾರ್, ಆಮೇಲೆ ಆರ್ ಒತ್ತಿ ಕುಗ್ಗಿಸಬೇಕು. ನೆನಪು ಉಳಿಯದು ಅಂತ ಇದನ್ನು ಬರೆದು ಗೋಡೆಗೆ ಅಂಟಿಸಿದ್ದೇನೆ.

ಎರಡು ಮಾನಿಟರಿನ ಚಟ ಹತ್ತಿದ್ದು ಹಳೇ ಕಾಗದಗಳಿಂದ. 1948ರವರೆಗೆ ನಮ್ಮದು ನಿಜಾಮರ ಹೈದರಾಬಾದ್ ಸಂಸ್ಥಾನ. ಹೊಲದ ತಕರಾರು ಬಂದರೆ ಇವತ್ತಿಗೂ ಉರ್ದುವಿನ ಸೇತ್ವಾರ, ಅಂದರೆ ಹಳೇ ಜಮೀನು ದಾಖಲೆ, ಹೊರಬೀಳುತ್ತದೆ. ಅದರ ಫೋಟೊ ಒಂದು ಕಡೆ, ಕನ್ನಡದ ಪ್ರತಿ ಇನ್ನೊಂದು ಕಡೆ ಬೇಕು. ಈಗ ಒಂದೇ ಪರದೆಯಲ್ಲಿ ವಿಂಡೋಸ್ ಕೀ ಜೊತೆ ಎಡ ಬಾಣ, ಬಲ ಬಾಣ ಒತ್ತಿ ಅರ್ಧರ್ಧ ಹಂಚುತ್ತೇನೆ. ಈ ಸೌಕರ್ಯ 2009ರ ವಿಂಡೋಸ್ 7ರಿಂದಲೇ ಇದೆಯಂತೆ. ನನಗೆ ತಿಳಿದದ್ದು ಮಾನಿಟರು ಸತ್ತ ಮೇಲೆ. ಎರಡೂ ವರ್ಡ್ ಕಡತಗಳಾದರೆ ‘ವ್ಯೂ ಸೈಡ್ ಬೈ ಸೈಡ್’ ಇನ್ನೂ ಚಲೋ, ಒಂದು ಸರಿದರೆ ಇನ್ನೊಂದೂ ಸರಿಯುತ್ತದೆ. ಕರಾರಿನ ಹಳೇ ಪ್ರತಿ, ತಿದ್ದಿದ ಪ್ರತಿ ಹೋಲಿಸಲು ನಾನು ಬಳಸುವುದು ಅದನ್ನೇ.

ಉರ್ದು ಓದಿ ಹೇಳುವ ಹಿರಿಯರೊಬ್ಬರು ನನ್ನ ಬಲಕ್ಕೆ ಕೂಡುತ್ತಾರೆ. ಹಾಗಾಗಿ ಸೇತ್ವಾರ ಬಲಕ್ಕೆ, ಕನ್ನಡ ಎಡಕ್ಕೆ. ಸಂಜೆ ವರ್ಡನ್ನು ಎಡಕ್ಕೆ ಸರಿಸಿಯೇ ಮುಚ್ಚುತ್ತೇನೆ. ಮರೆತ ದಿನ ಮಾರನೇ ಬೆಳಿಗ್ಗೆ ಅದು ಅವರ ಕಾಗದದ ಮೇಲೇ ಬಂದು ಕೂಡುತ್ತದೆ. ಅವರು ಚಷ್ಮಾ ತೆಗೆದು, “ನಿನ್ನ ಕನ್ನಡ ಸರಸು ತಮ್ಮಾ, ನನ್ನ ಹೊಲ ಕಾಣವಲ್ದು” ಅನ್ನುತ್ತಾರೆ.