ಅಜೈಲ್ ಪಾಠ: ತಪ್ಪಿಗೂ ತಿದ್ದುಪಡಿಗೂ ಎಷ್ಟು ದೂರ?

ಸಾಫ್ಟ್‌ವೇರ್ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ‘ಅಜೈಲ್ ಎಂದರೇನು?’ ಅಂತ ಕೇಳಿದರೆ ನಾವೆಲ್ಲ ಬರೆಯೋ ಉತ್ತರ ಹೆಚ್ಚುಕಡಿಮೆ ಒಂದೇ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ ಒಂದು ಪ್ರಣಾಳಿಕೆ ತಂದರು. ಅದರಲ್ಲಿ 4 ಮೌಲ್ಯ, ಅದರ ಬೆನ್ನಿಗೆ 12 ತತ್ತ್ವ. ಸ್ಪ್ರಿಂಟ್ ಅಂದರೆ ಒಂದು ತಿಂಗಳು ಮೀರದ ಅವಧಿ. ದಿನಾ 15 ನಿಮಿಷದ ಸಭೆ. ಮಾರ್ಕ್ಸ್ ಬರುತ್ತೆ. ಆದರೆ ಇದರಿಂದ ಒಂದು ಕಂಪನಿಯೋ ಇಲಾಖೆಯೋ ಹೇಗೆ ಚುರುಕಾಗುತ್ತೆ ಎಂಬುದು ಆ ಉತ್ತರದಲ್ಲಿ ಇರೋದಿಲ್ಲ. ಅದನ್ನು ತಿಳಿಯೋಕೆ ಯೂಟಾಕ್ಕೆ ಹೋಗಬೇಕಿಲ್ಲ. ನಮ್ಮ ಮನೆಯ ಟ್ರಂಕಿನಲ್ಲಿರೋ ಪಹಣಿ ಸಾಕು.

ಕಂಪ್ಯೂಟರ್ ಇತ್ತು, ಆದರೆ ಎಲ್ಲಿ?

ಕರ್ನಾಟಕದಲ್ಲಿ ಭೂದಾಖಲೆಗಳನ್ನು ಗಣಕೀಕರಿಸುವ ಮೊದಲ ಪ್ರಯೋಗ 1991ರಲ್ಲಿ, ಕೇಂದ್ರ ಸರ್ಕಾರದ ಹಣದಿಂದ ಶುರುವಾಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಗಿತ್ತು. ಆದರೆ ತಾಲ್ಲೂಕು ಕಚೇರಿಗೆ ಕಂಪ್ಯೂಟರ್ ಕೊಡುವ ಏರ್ಪಾಡು ಅದರಲ್ಲಿ ಇರಲಿಲ್ಲ.

ಇದರಿಂದ ಏನಾಗುತ್ತೆ? ಕಲಬುರಗಿ ಜಿಲ್ಲೆಯ ನಕ್ಷೆ ನೆನಪಿಸಿಕೊಳ್ಳಿ. ಆಳಂದ ಮತ್ತು ಜೇವರ್ಗಿ ಕಲಬುರಗಿಯಿಂದ ಸುಮಾರು 40 ಕಿ.ಮೀ., ಅಫಜಲಪುರ ಇನ್ನೂ ದೂರ. ಹೊಲ ಮಾರಿದ್ದು, ಅಣ್ಣತಮ್ಮಂದಿರು ಪಾಲಾದದ್ದು, ಅಪ್ಪ ತೀರಿಕೊಂಡ ಮೇಲೆ ಮಕ್ಕಳ ಹೆಸರಿಗೆ ಬಂದದ್ದು, ಎಲ್ಲವೂ ದಾಖಲಾಗೋದು ಹಳ್ಳಿ ಮತ್ತು ತಾಲ್ಲೂಕು ಮಟ್ಟದಲ್ಲಿ. ಕಂಪ್ಯೂಟರ್ ಜಿಲ್ಲಾ ಕೇಂದ್ರದಲ್ಲಿದ್ದರೆ ಇವತ್ತು ತುಂಬಿದ ಡೇಟಾ ನಾಳೆಗೆ ಹಳೇದು. ತಪ್ಪು ಕಣ್ಣಿಗೆ ಬೀಳೋದು ಒಂದು ಕಡೆ, ತಿದ್ದುವ ಕೀಬೋರ್ಡ್ ಇನ್ನೊಂದು ಕಡೆ.

‘ಭೂಮಿ’ ಯೋಜನೆ ಬದಲಿಸಿದ್ದು ಈ ದೂರವನ್ನು. ಕಂದಾಯ ಇಲಾಖೆಯಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದನ್ನು ಮುನ್ನಡೆಸಿದರು, ಸಾಫ್ಟ್‌ವೇರ್ ಬರೆದದ್ದು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಮೊದಲ ಪ್ರಯೋಗ ನಡೀತು. ಆಮೇಲೆ ಹಂತಹಂತವಾಗಿ ಬೇರೆ ತಾಲ್ಲೂಕುಗಳಿಗೆ ಹೋಯಿತು. 2002ರ ಹೊತ್ತಿಗೆ ರಾಜ್ಯದ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿನಲ್ಲಿದ್ದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಗುತ್ತಿತ್ತು.

ಇದನ್ನು ಸ್ಕ್ರಮ್ ಅಂತ ಕರೆದರೆ ತಪ್ಪಾಗುತ್ತೆ. ಆದರೆ ಅಜೈಲ್‌ನ ತಿರುಳು ಇಲ್ಲಿದೆ: ಸಣ್ಣದಾಗಿ ಶುರುಮಾಡು, ಕೆಲಸ ನಡೆಯುವ ಜಾಗಕ್ಕೇ ಹೋಗು, ಕಲಿತದ್ದನ್ನು ಮುಂದಿನ ಸುತ್ತಿಗೆ ಸೇರಿಸು.

ಸಾಫ್ಟ್‌ವೇರ್ ಬದಲಾದರೆ ಸಾಲದು

ಇನ್ನೊಂದು ಮಾತು ನಾವು ಸಾಮಾನ್ಯವಾಗಿ ಮರೀತೀವಿ. ‘ಭೂಮಿ’ಯ ಜೊತೆಗೆ ಇಲಾಖೆಯ ನಿಯಮಗಳೂ ಬದಲಾದವು. ಗಣಕೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು. ಮ್ಯುಟೇಷನ್ ಅರ್ಜಿಗಳಿಗೆ ‘ಮೊದಲು ಬಂದದ್ದು ಮೊದಲು’ ಎಂಬ ಕ್ರಮ ಬಂತು, ನಮ್ಮ ಡೇಟಾ ಸ್ಟ್ರಕ್ಚರ್ ಪುಸ್ತಕದ ಕ್ಯೂ ಇದೇ ತಾನೆ! ಸಿಬ್ಬಂದಿ ಬೆರಳಚ್ಚು ಕೊಟ್ಟೇ ಲಾಗಿನ್ ಆಗಬೇಕಾದ್ದರಿಂದ ಯಾವ ಬದಲಾವಣೆ ಯಾರು ಮಾಡಿದರು ಅನ್ನೋದು ದಾಖಲಾಗುತ್ತಿತ್ತು. ಹಳೇ ದಾರಿ ತೆರೆದೇ ಇಟ್ಟು ಹೊಸ ಸಾಫ್ಟ್‌ವೇರ್ ಕೊಟ್ಟಿದ್ದರೆ ಜನ ಹಳೇ ದಾರೀಲೇ ಹೋಗ್ತಿದ್ದರು.

ಎಲ್ಲವೂ ಸರಿಹೋಯಿತು ಅಂತಲೂ ಅಲ್ಲ. ಹಳೇ ಪುಸ್ತಕದ ತಪ್ಪುಗಳು ಕಂಪ್ಯೂಟರಿಗೂ ಬಂದವು. ಪಹಣಿ ತಿದ್ದುಪಡಿಗೆ ಕಂದಾಯ ಅದಾಲತ್ ನಡೆಸಬೇಕಾಯಿತು. ಅಂದರೆ ‘ಬಿಡುಗಡೆ’ ಕೊನೆಯಲ್ಲ, ಇನ್ನೊಂದು ಸುತ್ತಿನ ಶುರು.

ನಮ್ಮ ಪ್ರಾಜೆಕ್ಟಿನಲ್ಲಿ ಮಾಡಿ ನೋಡೋಣ

ಬೆಂಬಲ ಬೆಲೆಗೆ ತೊಗರಿ ಮಾರಬೇಕಾದರೆ ರೈತರು ‘ಫ್ರೂಟ್ಸ್’ ಗುರುತಿನ ಸಂಖ್ಯೆ ಇಟ್ಟುಕೊಂಡು ನೋಂದಣಿ ಮಾಡಿಸಬೇಕು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಹೆಸರು ತಾಳೆಯಾಗದಿದ್ದರೆ ತೊಂದರೆ. ಇದನ್ನು ಮೊದಲೇ ಪತ್ತೆ ಹಚ್ಚುವ ಒಂದು ಆ್ಯಪ್ ಮಾಡ್ತೀವಿ ಅಂತ ಇಟ್ಟುಕೊಳ್ಳೋಣ. ನಮ್ಮ ರೂಢಿ ಏನು? ಎಸ್‌ಆರ್‌ಎಸ್ ಬರೆದು, ಡಯಾಗ್ರಾಂ ಬಿಡಿಸಿ, ಕೋಡ್ ಮುಗಿಸಿ, ಮೇ ತಿಂಗಳಲ್ಲಿ ಡೆಮೊ. ತೊಗರಿ ರಾಶಿ ಆಗೋದು ಡಿಸೆಂಬರ್–ಜನವರಿಯಲ್ಲಿ! ಆ್ಯಪ್ ಬರೋಷ್ಟರಲ್ಲಿ ತೊಗರಿ ದಲ್ಲಾಳಿ ಅಂಗಡಿ ಸೇರಿರುತ್ತೆ.

ಬದಲಿಗೆ ಎರಡೆರಡು ವಾರದ ಮೂರು ಸುತ್ತು ಮಾಡೋಣ. ಸುತ್ತು ಕಲ್ಪಿತ, ಅದರಲ್ಲಿ ಎದುರಾಗೋ ತೊಡಕುಗಳು ಯಾವ ತಾಲ್ಲೂಕಿನಲ್ಲಾದರೂ ಸಿಗುವಂಥವು.

ಮೊದಲ ಸುತ್ತು, ಆಳಂದ ತಾಲ್ಲೂಕಿನ ಒಂದು ಹಳ್ಳಿ. ಕೋಡ್ ಬೇಡ, ಒಂದು ಹಾಳೆ ಸಾಕು. ಹತ್ತು ರೈತರ ಹತ್ತಿರ ಕೂತು ಮೂರೂ ದಾಖಲೆ ಪಕ್ಕಪಕ್ಕ ಇಟ್ಟು ನೋಡೋದು. ಒಂದರಲ್ಲಿ ಶರಣಪ್ಪ, ಇನ್ನೊಂದರಲ್ಲಿ ಶರಣಬಸಪ್ಪ. ಅಕ್ಷರಕ್ಕೆ ಅಕ್ಷರ ಹೋಲಿಸುವ ನಮ್ಮ ಲಾಜಿಕ್ ಸಾಲದು ಅಂತ ಮೊದಲ ದಿನವೇ ಗೊತ್ತಾಗುತ್ತೆ.

ಎರಡನೇ ಸುತ್ತು, ಅಫಜಲಪುರ. ಈಗ ಒಂದೇ ಸ್ಕ್ರೀನಿನ ಆ್ಯಪ್. ‘ಪಹಣ್ಯಾಗ ಇನ್ನಾ ನಮ್ಮಪ್ಪನ ಹೆಸರೇ ಅದ, ಅವ್ರು ತೀರ್ಕೊಂಡು ಭಾಳ ವರ್ಷ ಆತು’ ಅನ್ನೋರು ಸಿಗ್ತಾರೆ. ಇಲ್ಲಿ ತಪ್ಪಿರೋದು ಸ್ಪೆಲ್ಲಿಂಗ್ ಅಲ್ಲ; ಪೌತಿ ಖಾತೆ ಆಗಿಲ್ಲ. ಆ್ಯಪ್ ‘ತಾಳೆಯಿಲ್ಲ’ ಅಂದು ಸುಮ್ಮನಾದರೆ ಪ್ರಯೋಜನವಿಲ್ಲ. ಯಾವ ಅರ್ಜಿ, ಯಾವ ಕಾಗದ, ಯಾವ ಕಚೇರಿ ಅಂತ ಹೇಳಬೇಕು. ಬ್ಯಾಕ್‌ಲಾಗ್‌ನಲ್ಲಿ ಇದು ಮೇಲಕ್ಕೆ, ನಮಗಿಷ್ಟದ ಡಾರ್ಕ್ ಮೋಡ್ ಕೆಳಕ್ಕೆ.

ಮೂರನೇ ಸುತ್ತು, ಜೇವರ್ಗಿ. ಲಾವಣಿಗೆ ಹೊಲ ಹಿಡಿದು ತೊಗರಿ ಬೆಳೆದವರು ಎದುರು ಕೂತಿದ್ದಾರೆ. ಅವರ ಹೆಸರು ಪಹಣಿಯಲ್ಲೇ ಇಲ್ಲ. ಇವರಿಗೆ ನಮ್ಮ ಆ್ಯಪ್ ಏನೂ ಮಾಡಲಾರದು. ಅದು ನಿಯಮ ಮಾಡುವವರು ಬಿಡಿಸಬೇಕಾದ ಗಂಟು. ಇದನ್ನು ರಿಪೋರ್ಟಿನಲ್ಲಿ ಹಾಗೇ ಬರೆಯಬೇಕು. ಆರು ವಾರದಲ್ಲಿ ತಿಳಿದ ಈ ಸತ್ಯ, ವರ್ಷದ ಕೊನೆಗೆ ತಿಳಿದಿದ್ದರೆ ಯಾರಿಗೂ ಉಪಯೋಗವಿರಲಿಲ್ಲ.

ನೆನಪಿಡಬೇಕಾದ್ದು

ಪ್ರತಿ ಸುತ್ತಿನ ಕೊನೆಗೆ ಡೆಮೊ ತೋರಿಸಬೇಕಾದ್ದು ಗೈಡಿಗೆ ಮಾತ್ರ ಅಲ್ಲ, ಬಳಸುವವರಿಗೆ. ಆಮೇಲೆ ರೆಟ್ರೋಸ್ಪೆಕ್ಟಿವ್‌ನಲ್ಲಿ ತಂಡ ಎರಡು ಪ್ರಶ್ನೆ ಕೇಳಿಕೊಳ್ಳಲಿ: ಈ ಸಲ ತಪ್ಪು ಮೊದಲು ಕಂಡದ್ದು ಯಾರಿಗೆ? ಅದು ತಿದ್ದುವವರನ್ನು ಮುಟ್ಟೋಕೆ ಎಷ್ಟು ದಿನ ಹಿಡಿಯಿತು? ಆ ದಿನಗಳು ಸುತ್ತಿನಿಂದ ಸುತ್ತಿಗೆ ಕಡಿಮೆಯಾಗುತ್ತಿದ್ದರೆ ನಾವು ಅಜೈಲ್. ಆಗದಿದ್ದರೆ, ಗೋಡೆ ತುಂಬ ಸ್ಟಿಕ್ಕಿ ನೋಟ್ ಅಂಟಿಸಿದ್ದರೂ ಅಲ್ಲ.

ಬಹಳ ಸಂಸ್ಥೆಗಳು ಎಡವೋದು ಇಲ್ಲೇ. ತಂಡ ಎರಡು ವಾರಕ್ಕೊಮ್ಮೆ ಕಲೀತದೆ, ತೀರ್ಮಾನ ಮಾತ್ರ ವರ್ಷಕ್ಕೊಮ್ಮೆ ಆಗ್ತದೆ. ನಾಳೆ ನಾವು ಇಂಥ ಕಡೆ ಕೆಲಸಕ್ಕೆ ಸೇರಿದಾಗ ‘ಇಲ್ಲಿ ಸ್ಪ್ರಿಂಟ್ ಎಷ್ಟು ವಾರ?’ ಅಂತ ಕೇಳುವ ಮೊದಲು ‘ತಪ್ಪು ಸಿಕ್ಕರೆ ತಿದ್ದುವ ಅಧಿಕಾರ ಯಾರಿಗಿದೆ?’ ಅಂತ ಕೇಳೋಣ. ಈ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿನಲ್ಲೂ ಕೋಡ್ ಬರೆಯೋ ಮೊದಲು ಒಂದು ಹಾಳೆ ಹಿಡಿದು ಹತ್ತು ಜನರ ಮುಂದೆ ಕೂತು ನೋಡೋಣ.