ಪತ್ರಿಕೆಯವರು ತೋಟಕ್ಕೆ ಬಂದಾಗ

ಕೊಳೆರೋಗ ಹೆಚ್ಚಾದಾಗ, ಹೂಮಳೆ ಕೈಕೊಟ್ಟಾಗ, ಕಾಫಿ ಅಥವಾ ಅಡಿಕೆಯ ಧಾರಣೆ ಏಕಾಏಕಿ ಏರಿದಾಗ ಇಲ್ಲವೆ ಕುಸಿದಾಗ ಪತ್ರಿಕೆ ಹಾಗೂ ಟಿ.ವಿ. ವಾಹಿನಿಗಳ ವರದಿಗಾರರು ಬೆಳೆಗಾರರನ್ನು ಹುಡುಕಿಕೊಂಡು ಬರುತ್ತಾರೆ. ಈಗಂತೂ ಮೊಬೈಲಿನಲ್ಲೇ ನಾಲ್ಕು ಮಾತು ಕೇಳಿ ಸುದ್ದಿ ಮಾಡುವುದುಂಟು. ಆಗ ಸಣ್ಣ ಬೆಳೆಗಾರರಾದ ನಮ್ಮಲ್ಲಿ ಕೆಲವರು ಸಂಕೋಚಪಟ್ಟು "ನಮಗೇನೂ ಗೊತ್ತಿಲ್ಲ" ಎಂದು ಕಳುಹಿಸಿಬಿಡುತ್ತೇವೆ. ಇನ್ನು ಕೆಲವರು ವರ್ಷದ ಸಂಕಟವನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಮರುದಿನ ಅಚ್ಚಾದದ್ದನ್ನು ನೋಡಿ ಪೇಚಾಡುತ್ತೇವೆ. ಎರಡರಿಂದಲೂ ನಷ್ಟ ನಮಗೇ.

ಅಚ್ಚಾದ ಮಾತನ್ನು ನೆರೆಕರೆಯವರು ಮಾತ್ರ ಓದುವುದಿಲ್ಲ. ತಹಸೀಲ್ದಾರರು, ಬ್ಯಾಂಕಿನ ಮ್ಯಾನೇಜರರು, ವ್ಯಾಪಾರಿಗಳು, ತೋಟದ ಕೆಲಸಗಾರರು ಎಲ್ಲರೂ ಓದುತ್ತಾರೆ. ಆದ್ದರಿಂದ ಸದಸ್ಯ ಬಾಂಧವರು ಈ ವಿಷಯದಲ್ಲಿ ಸ್ವಲ್ಪ ಪೂರ್ವಸಿದ್ಧತೆ ಮಾಡಿಕೊಳ್ಳುವುದು ಒಳ್ಳೆಯದು.

ವರದಿಗಾರರ ಕೆಲಸದ ರೀತಿ

ವರದಿಗಾರರು ನಮ್ಮ ವೈರಿಗಳಲ್ಲ, ನಮ್ಮ ವಕೀಲರೂ ಅಲ್ಲ. ಸಂಜೆಯೊಳಗೆ ಸುದ್ದಿ ಕಳುಹಿಸಬೇಕಾದ ಅವಸರ ಅವರದು. ನಾವು ಅರ್ಧ ಗಂಟೆ ಮಾತನಾಡಿದರೂ ಅಚ್ಚಾಗುವುದು ಹೆಚ್ಚೆಂದರೆ ಎರಡು ವಾಕ್ಯ, ಒಂದು ಅಂಕಿ. ಆ ಎರಡು ವಾಕ್ಯ ಯಾವುವು ಎಂಬುದನ್ನು ನಾವೇ ಮೊದಲು ನಿರ್ಧರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮಾತಿಗೆ ಮೊದಲು ಮೂರು ಸಂಗತಿ ಕೇಳಿ ತಿಳಿಯಬೇಕು: ಯಾವ ಪತ್ರಿಕೆ ಅಥವಾ ವಾಹಿನಿ, ವಿಷಯ ಯಾವುದು, ಎಂದು ಪ್ರಕಟವಾಗುತ್ತದೆ. ಫೋನಿನಲ್ಲಿ ಕೇಳಿದರೆ "ಲೆಕ್ಕದ ಪುಸ್ತಕ ನೋಡಿ ಹದಿನೈದು ನಿಮಿಷದಲ್ಲಿ ನಾನೇ ಫೋನ್ ಮಾಡುತ್ತೇನೆ" ಎನ್ನಲು ಸಂಕೋಚ ಬೇಡ. ಆದರೆ ಹೇಳಿದಂತೆ ಮಾಡಲೇಬೇಕು. ಮಾಡದಿದ್ದರೆ ಅವರು ವಿಷಯ ತಿಳಿಯದ ಬೇರೆ ಯಾರನ್ನೋ ಕೇಳಿ ಬರೆಯುತ್ತಾರೆ.

ಅಂಕಿಯ ಜೊತೆ ನಾಲ್ಕು ವಿವರ

ನಮ್ಮ ಬೆಳೆಗಳ ವಿಷಯದಲ್ಲಿ ಹೆಚ್ಚಿನ ಅಪಾರ್ಥ ಹುಟ್ಟುವುದು ಒಂಟಿ ಅಂಕಿಯಿಂದ. ಯಾವುದೇ ಅಂಕಿ ಹೇಳುವಾಗ ಮಾಲಿನ ವರ್ಗ, ಅಳತೆ, ಸ್ಥಳ, ದಿನಾಂಕ ಈ ನಾಲ್ಕನ್ನೂ ಅದರ ಜೊತೆಗೇ ಒಂದೇ ವಾಕ್ಯದಲ್ಲಿ ಹೇಳಬೇಕು.

1. ಧಾರಣೆ: ನಾವು ಕಾಫಿ ಧಾರಣೆಯನ್ನು 50 ಕೆ.ಜಿ. ಚೀಲಕ್ಕೆ ಹೇಳುತ್ತೇವೆ. 50 ಕೆ.ಜಿ. ಅರೇಬಿಕಾ ಪಾರ್ಚ್‌ಮೆಂಟಿನಿಂದ ಸುಮಾರು 40 ಕೆ.ಜಿ. ಶುದ್ಧ ಬೀಜ ಸಿಗುತ್ತದೆ, 50 ಕೆ.ಜಿ. ರೊಬಸ್ಟಾ ಚೆರ್ರಿಯಿಂದ ಸಿಗುವುದು ಸುಮಾರು 25ರಿಂದ 27 ಕೆ.ಜಿ. ಮಾತ್ರ. ನ್ಯೂಯಾರ್ಕಿನ ಅರೇಬಿಕಾ ದರವಾದರೋ ಒಂದು ಪೌಂಡಿಗೆ ಇಷ್ಟು ಸೆಂಟ್ ಎಂದು, ಲಂಡನ್ನಿನ ರೊಬಸ್ಟಾ ದರ ಟನ್ನಿಗೆ ಇಷ್ಟು ಡಾಲರ್ ಎಂದು ಇರುತ್ತದೆ. ಎರಡೂ ಶುದ್ಧ ಬೀಜದ ದರ. ಇವನ್ನು ಬಿಡಿಸಿ ಹೇಳದಿದ್ದರೆ ಹೊರಗಿನವರು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿಬಿಡುತ್ತಾರೆ.

ಅಡಿಕೆಯಲ್ಲೂ ಇದೇ ತೊಡಕು. ಶಿವಮೊಗ್ಗದ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಬೇರೆ ಧಾರಣೆ ಇದೆ. ಇವುಗಳಲ್ಲಿ ಸರಕಿನ ಧಾರಣೆ ಮೇಲಿನದು, ಆದರೆ ಸಣ್ಣ ಬೆಳೆಗಾರನ ಮಾಲಿನಲ್ಲಿ ಸರಕು ಎಷ್ಟಿರುತ್ತದೆ? ಸರಕಿನ ಒಂದು ದಿನದ ಗರಿಷ್ಠ ಧಾರಣೆ ತಲೆಬರಹವಾದರೆ ಊರಿನ ಪ್ರತಿಯೊಬ್ಬನಿಗೂ ಅಷ್ಟು ಹಣ ಬಂತೆಂಬ ಭಾವನೆ ಹುಟ್ಟುತ್ತದೆ. "ನನ್ನ ಮಾಲಿನಲ್ಲಿ ಹೆಚ್ಚಿನದು ರಾಶಿ. ಕಳೆದ ಸೋಮವಾರ ಕ್ವಿಂಟಾಲಿಗೆ ನನಗೆ ಸಿಕ್ಕಿದ್ದು ಇಷ್ಟು" ಎಂದರೆ ಅದು ಸರಿಯಾದ ಉತ್ತರ.

2. ಮಳೆ: ನಮ್ಮ ತೋಟಗಳಲ್ಲಿ ಮಳೆಯ ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ ನಡೆಯುತ್ತದೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. "ಹೂಮಳೆ ನಲವತ್ತು ಸೆಂಟ್ ಮಾತ್ರ ಬಿತ್ತು, ಸಾಲದು" ಎಂದದ್ದನ್ನು ನಗರದವರು ನಲವತ್ತು ಸೆಂಟಿಮೀಟರ್ ಎಂದು ಬರೆದುಕೊಂಡರೆ ಹತ್ತು ಮಿಲಿಮೀಟರಿನ ತುಂತುರು ಸುಮಾರು ಹದಿನಾರು ಇಂಚಿನ ಮಹಾಮಳೆಯಾಗುತ್ತದೆ! ಆದ್ದರಿಂದ ಮಿಲಿಮೀಟರಿಗೆ ಬದಲಾಯಿಸಿಯೇ ಹೇಳಿ.

3. ಹಾನಿ: "ಎಲ್ಲಾ ಹೋಯಿತು" ಎಂಬ ಮಾತು ಸಂಕಟದಲ್ಲಿ ಸಹಜ. ಆದರೆ ಪರಿಹಾರ ನಿರ್ಧಾರವಾಗುವುದು ಪತ್ರಿಕೆಯಿಂದಲ್ಲ, ಇಲಾಖೆಗಳವರ ಸಮೀಕ್ಷೆಯಿಂದ. 2015ರಲ್ಲಿ ಕೇಂದ್ರ ಸರ್ಕಾರವು ಪರಿಹಾರಕ್ಕೆ ಬೇಕಾದ ಬೆಳೆಹಾನಿಯ ಮಿತಿಯನ್ನು ಶೇಕಡ 50ರಿಂದ 33ಕ್ಕೆ ಇಳಿಸಿತು. ನೂರಕ್ಕೆ ನೂರು ಎಂದು ಅಚ್ಚಾಗಿ, ಸಮೀಕ್ಷೆಗೆ ಬಂದವರಿಗೆ ನಲವತ್ತು ಕಂಡರೆ, ಆ ನಲವತ್ತರ ಮೇಲೂ ಅವರಿಗೆ ಅನುಮಾನ ಹುಟ್ಟುತ್ತದೆ. ನ್ಯಾಯವಾಗಿ ಸಿಗಬೇಕಾದದ್ದೂ ತಡವಾದೀತು. ಸುಮ್ಮನೆ "ಸ್ವಲ್ಪ ಹಾನಿ" ಎನ್ನುವುದೂ ಅಷ್ಟೇ ತಪ್ಪು. ತೋಟದ ಬೇರೆ ಬೇರೆ ಕಡೆ ನೂರು ಮರ ಎಣಿಸಿ ನೋಡಿ. ರೋಗ ತಗುಲಿದ ಮರಗಳ ಸಂಖ್ಯೆ ಬೇರೆ, ಉದುರಿಹೋದ ಫಸಲಿನ ಪ್ರಮಾಣ ಬೇರೆ ಎಂಬುದು ನೆನಪಿರಲಿ.

4. ಸ್ಥಳ: 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಭೂಕುಸಿತಗಳಾದಾಗ ಹೆಚ್ಚಿನ ಅನಾಹುತ ಆದದ್ದು ಮಡಿಕೇರಿ ಮತ್ತು ಸೋಮವಾರಪೇಟೆ ತಾಲ್ಲೂಕುಗಳ ಕೆಲವು ಭಾಗಗಳಲ್ಲಿ. ಜಿಲ್ಲೆಗೆ ಜಿಲ್ಲೆಯೇ ಕುಸಿಯಿತೆಂದರೆ ನಿಜವಾಗಿ ತೋಟ ಕಳೆದುಕೊಂಡವನ ಗೋಳು ಅದರಲ್ಲಿ ಮುಚ್ಚಿಹೋಗುತ್ತದೆ. ಊರು, ಹೋಬಳಿಯ ಹೆಸರನ್ನು ಸ್ಪಷ್ಟವಾಗಿ ಹೇಳಿ.

ಉತ್ತರದ ಒಂದು ಮಾದರಿ

ಪ್ರಶ್ನೆ: "ಏನು ಯಜಮಾನರೇ, ಕೊಳೆರೋಗದಿಂದ ಈ ಸಲ ಅಡಿಕೆ ಪೂರ್ತಿ ಹೋಯಿತಂತೆ?"

ಉತ್ತರ: "ಪೂರ್ತಿ ಹೋಗಿಲ್ಲ ಸ್ವಾಮಿ. ನನ್ನದು ಎರಡು ಎಕರೆ. ನಿನ್ನೆ ನೂರು ಮರ ಎಣಿಸಿದೆ, ನಲವತ್ತು ಮರಗಳಲ್ಲಿ ಕಾಯಿ ಉದುರಿದೆ. ಬೋರ್ಡೋ ದ್ರಾವಣ ಒಮ್ಮೆ ಹೊಡೆಸಿದ್ದೆ. ಮಳೆ ಬಿಡುವು ಕೊಡದೆ ಎರಡನೆಯ ಸಲ ಹೊಡೆಸಲು ಆಗಲಿಲ್ಲ. ಇಲಾಖೆಯವರು ಬೇಗ ಬಂದು ನೋಡಬೇಕು."

ಇದರಲ್ಲಿ ಪರಿಸ್ಥಿತಿ, ಅಳತೆ, ಕಾರಣ, ಬೇಡಿಕೆ ನಾಲ್ಕೂ ಇವೆ. ಪ್ರಶ್ನೆಯಲ್ಲಿದ್ದ "ಪೂರ್ತಿ" ಎಂಬ ಮಾತಿಗೆ ಹೌದೆಂದು ತಲೆಯಾಡಿಸಿಲ್ಲ. ಹಾಗೆ ತಲೆಯಾಡಿಸಿದರೆ ಅದು ನಮ್ಮದೇ ಹೇಳಿಕೆಯಾಗಿ ಅಚ್ಚಾಗುತ್ತದೆ.

ಎಚ್ಚರ ಬೇಕಾದ ಪ್ರಶ್ನೆಗಳು

ಅಡಿಕೆ ಮತ್ತು ಆರೋಗ್ಯದ ಪ್ರಶ್ನೆ ಬಂದೇ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕ ವಸ್ತುಗಳ ಪಟ್ಟಿಗೆ ಸೇರಿಸಿದೆ. "ತಿಂದರೆ ಏನೂ ಆಗುವುದಿಲ್ಲ, ನಮ್ಮಜ್ಜ ತಿಂದಿದ್ದರು" ಎಂಬ ಉತ್ತರ ನಮ್ಮ ಮಾತಿನ ತೂಕವನ್ನೇ ಕಳೆಯುತ್ತದೆ. "ಆರೋಗ್ಯದ ವಿಷಯ ವೈದ್ಯರು ಹೇಳಬೇಕು. ಈ ಬೆಳೆಯನ್ನೇ ನಂಬಿದ ಕುಟುಂಬಗಳ ಗತಿ ಏನೆಂಬುದನ್ನು ನಾನು ಹೇಳಬಲ್ಲೆ" ಎನ್ನುವುದು ಪ್ರಾಮಾಣಿಕ ಉತ್ತರ.

ತೋಟದ ಕೆಲಸಗಾರರ ಪರವಾಗಿ ನಾವೇ ಉತ್ತರಿಸುವುದು ಬೇಡ. ಅವರು ಒಪ್ಪಿದರೆ ವರದಿಗಾರರು ಅವರನ್ನೇ ಕೇಳಲಿ. ನೆರೆತೋಟದವರ ಸಾಲ, ಫಸಲಿನ ವಿಷಯವೂ ನಮ್ಮ ಬಾಯಿಂದ ಬರಬಾರದು. ಹೆಸರು ಹಾಕಬಾರದೆಂದಿದ್ದರೆ ಮಾತಿಗೆ ಮೊದಲೇ ಹೇಳಿ ಒಪ್ಪಿಸಿಕೊಳ್ಳಬೇಕು. ಎಲ್ಲವನ್ನೂ ಹೇಳಿದ ಮೇಲೆ "ಇದನ್ನು ಬರೀಬೇಡಿ" ಎಂದರೆ ಪ್ರಯೋಜನವಿಲ್ಲ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ" ಎನ್ನುವುದು ಅವಮಾನವಲ್ಲ.

ತಪ್ಪು ಅಚ್ಚಾದರೆ

ಸಿಟ್ಟಿನಿಂದ ಫೋನಿನಲ್ಲಿ ಜಗಳ ಬೇಡ. ಸಂಪಾದಕರಿಗೆ ಅದೇ ದಿನ ಚಿಕ್ಕ ಪತ್ರ ಬರೆಯಿರಿ: ಯಾವ ದಿನಾಂಕ, ಯಾವ ಪುಟ, ಅಚ್ಚಾದದ್ದೇನು, ಸರಿಯಾದದ್ದೇನು. ಹೆಚ್ಚಿನ ತಪ್ಪುಗಳು ಇಷ್ಟರಲ್ಲೇ ಸರಿಹೋಗುತ್ತವೆ. ಸಂಪಾದಕರು ಕಿವಿಗೊಡದಿದ್ದರೆ, 1978ರ ಕಾಯಿದೆಯ ಮೇರೆಗೆ ಇರುವ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಲು ಅವಕಾಶವಿದೆ. ದಿನಪತ್ರಿಕೆ, ವಾರಪತ್ರಿಕೆಗಳಾದರೆ ಪ್ರಕಟವಾದ ಎರಡು ತಿಂಗಳೊಳಗೆ ದೂರು ಹೋಗಬೇಕು. ಟಿ.ವಿ. ವಾಹಿನಿಗಳು ಈ ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ. ಮೊದಲು ಆಯಾ ವಾಹಿನಿಗೇ ಬರೆಯಬೇಕು.

ಕೊನೆಯದಾಗಿ ಒಂದು ಸೂಚನೆ. ತೋಟದ ವಿಸ್ತೀರ್ಣ, ಕಳೆದ ಮೂರು ವರ್ಷಗಳ ಫಸಲು, ಮಾರಿದ ದಿನ ಮತ್ತು ಧಾರಣೆ, ತಿಂಗಳವಾರು ಮಳೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಲೆಕ್ಕದ ಪುಸ್ತಕದಲ್ಲಿ ಇಟ್ಟಿರಿ. ಪತ್ರಿಕೆಯವರು ಬಾರದಿದ್ದರೂ ಬ್ಯಾಂಕಿಗೆ, ಸಮೀಕ್ಷೆಗೆ ಬಂದವರಿಗೆ ತೋರಿಸಲು ಅದೇ ಹಾಳೆ ಉಪಯೋಗಕ್ಕೆ ಬರುತ್ತದೆ.