ಖಡವಲಿಯ ಎಂಟು ಮಳೆಗಾಲ

ಡೊಂಬಿವಲಿ ಪೂರ್ವದ ನಮ್ಮ ಮನೆಯಲ್ಲಿ ಅಡುಗೆಕೋಣೆಯ ಕಿಟಕಿ ತೆರೆದರೆ ಎದುರು ಕಟ್ಟಡದವರ ಅಡುಗೆಕೋಣೆ. ಅವರ ಕುಕ್ಕರ್ ಕೂಗಿದರೆ ನಮ್ಮದೆಂದು ಅಮ್ಮ ಎದ್ದು ಬರುತ್ತಿದ್ದರು. ಬೆಳಗಿನ ಜಾವವೇ ಲೋಕಲ್‌ನ ಹಾರ್ನ್, ಆಮೇಲೆ ರಿಕ್ಷಾಗಳು, ತರಕಾರಿಯವರ ಕೂಗು. ಇದೆಲ್ಲ ಸಾಕಾಗಿ 2011ರ ದೀಪಾವಳಿಗೆ ಆ ಮನೆಯನ್ನು ಬಾಡಿಗೆಗೆ ಕೊಟ್ಟು ನಾವು ಖಡವಲಿಗೆ ಹೋದೆವು. ಕಲ್ಯಾಣ್ ದಾಟಿ ಕಸಾರಾ ಕಡೆಗೆ ಹೋದರೆ ಶಹಾಡ್, ಆಂಬಿವಲಿ, ಟಿಟ್ವಾಲಾ, ಅದರಾಚೆಗೆ ಖಡವಲಿ. ಹತ್ತಿರದಲ್ಲೇ ಭಾತ್ಸಾ ನದಿ, ಸುತ್ತ ಭತ್ತದ ಗದ್ದೆ. ಸಣ್ಣ ಅಂಗಳವಿದ್ದ ಮನೆ. ಮೊದಲ ಸಲ ನೋಡಿದಾಗ ಕುಂದಾಪುರದ ನಮ್ಮೂರೇ ಇಲ್ಲಿಗೆ ಬಂದು ಕೂತಿದೆ ಅನಿಸಿತು. ಅಪ್ಪ ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿ ಅಮ್ಮನನ್ನು ಕರೆತಂದಿದ್ದೆ. ಅವರಿಗೆ ಗದ್ದೆ ತೋರಿಸಿದರೆ ಸಮಾಧಾನವಾದೀತು ಎಂಬುದು ನನ್ನ ಲೆಕ್ಕ.

ಆ ಲೆಕ್ಕದ ತಪ್ಪು ಗೊತ್ತಾಗಲು ವರ್ಷಗಳೇ ಬೇಕಾದವು.

ನನ್ನ ಕೆಲಸ ನವಿ ಮುಂಬಯಿಯ ರಬಾಳೆಯಲ್ಲಿ. ಡೊಂಬಿವಲಿಯಿಂದ ಥಾಣೆ, ಅಲ್ಲಿ ಒಂಬತ್ತು-ಹತ್ತನೇ ಪ್ಲಾಟ್‌ಫಾರ್ಮ್‌ಗೆ ಓಡಿ ವಾಶಿಯ ಗಾಡಿ. 2004ರಲ್ಲಿ ಆ ಮಾರ್ಗ ಶುರುವಾದಾಗ ನಮ್ಮಂಥವರ ಬದುಕೇ ಹಗುರವಾಗಿತ್ತು. ಬಾಗಿಲಿನಿಂದ ಬಾಗಿಲಿಗೆ ಹೆಚ್ಚೆಂದರೆ ಒಂದೂಕಾಲು ಗಂಟೆ. ಖಡವಲಿಯಿಂದಲೂ ಇನ್ನರ್ಧ ಗಂಟೆ ಸೇರಿಸಿದರಾಯಿತು ಎಂದುಕೊಂಡಿದ್ದೆ. ನಕ್ಷೆಯಲ್ಲಿ ಅದು ಸರಿಯೇ. ಆದರೆ ಕಲ್ಯಾಣ್‌ನಿಂದ ಕಸಾರಾ ಕಡೆಗೆ ಇದ್ದದ್ದು ಎರಡೇ ಹಳಿ. ನಾಸಿಕ್ ಕಡೆಯ ಮೇಲ್, ಎಕ್ಸ್‌ಪ್ರೆಸ್, ಗೂಡ್ಸ್ ಎಲ್ಲವೂ ಅದರ ಮೇಲೆಯೇ. ಮೇಲ್ ಗಾಡಿ ಹೋಗಲೆಂದು ನಮ್ಮ ಲೋಕಲ್ ಟಿಟ್ವಾಲಾದ ಹೊರಗೆ ನಿಂತೇ ಇರುತ್ತಿತ್ತು. ಡೊಂಬಿವಲಿಯಲ್ಲಿ ಒಂದು ಗಾಡಿ ತಪ್ಪಿದರೆ ನಾಲ್ಕೈದು ನಿಮಿಷಕ್ಕೆ ಇನ್ನೊಂದು. ಖಡವಲಿಯಲ್ಲಿ ಒಂದು ತಪ್ಪಿದರೆ ಆ ದಿನದ ಲೇಟ್ ಮಾರ್ಕ್ ಖಂಡಿತ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಾನು ಮನೆಯಲ್ಲಿ ಎಚ್ಚರವಾಗಿರುತ್ತಿದ್ದುದು ಭಾನುವಾರ ಮಾತ್ರ. ಡೊಂಬಿವಲಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹೆಂಡತಿ ಒಂದು ವರ್ಷ ಓಡಾಡಿ ಕೆಲಸ ಬಿಟ್ಟಳು. ಮನೆಯ ಬೆಲೆಯ ಲೆಕ್ಕ ಬರೆದಾಗ ಈ ಸಂಬಳವನ್ನು ನಾವು ಬರೆದಿರಲೇ ಇಲ್ಲ.

ಸುಖ ಇರಲಿಲ್ಲವೆಂದಲ್ಲ. ಜೂನ್‌ನ ಮೊದಲ ಮಳೆ ಬಿದ್ದ ರಾತ್ರಿ ಕಪ್ಪೆಗಳ ಸದ್ದಿಗೆ ಅಮ್ಮ ಎದ್ದು ಕೂತಿದ್ದು ನೆನಪಿದೆ. ಹೊರಗೆ ಬಾಗಿಲಲ್ಲಿ ಕೂತು ಬೆಳಗಿನವರೆಗೆ ಕೇಳಿದರು. ಮಳೆ ಹಿಡಿದ ಮೇಲೆ ಆದಿವಾಸಿ ಹೆಂಗಸರು ಕಾಡಿನ ಸೊಪ್ಪು ಬುಟ್ಟಿಯಲ್ಲಿ ಹೊತ್ತು ಬರುತ್ತಿದ್ದರು. ಒಬ್ಬಳು "ಟಾಕಳಾ" ಎಂದು ಕಟ್ಟು ಎತ್ತಿ ಹಿಡಿದಾಗ ಅಮ್ಮ ಎಲೆ ಮುಟ್ಟಿ, ಮೂಸಿ, "ಇದು ನಮ್ಮ ಚಗಟೆ ಸೊಪ್ಪಲ್ಲವಾ!" ಎಂದರು. ಅವಳಿಗೆ ಕನ್ನಡ ಬಾರದು, ಇವರಿಗೆ ಮರಾಠಿ ಬಾರದು. ಆದರೂ ಚಗಟೆ ಹೇಗೆ ಹೆಚ್ಚುವುದೆಂದು ಇಬ್ಬರೂ ಕೈಸನ್ನೆಯಲ್ಲಿ ಕಾಲು ಗಂಟೆ ಮಾತಾಡಿದರು. ಎಂಟು ವರ್ಷದಲ್ಲಿ ಅಮ್ಮ ಅಷ್ಟು ಉತ್ಸಾಹದಿಂದ ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ ಎನ್ನಬೇಕು.

ಏಕೆಂದರೆ ಅಲ್ಲಿ ಅವರಿಗೆ ಮಾತಿಗೆ ಜನವಿರಲಿಲ್ಲ. ಡೊಂಬಿವಲಿಯ ನಮ್ಮ ಕಟ್ಟಡದಲ್ಲೇ ಮೂರು ಕನ್ನಡದ ಮನೆ, ಎರಡು ತುಳುವರ ಮನೆ. ಶನಿವಾರ ಭಜನೆ. ಕರ್ನಾಟಕ ಸಂಘ ನಡೆಸುವ ಮಂಜುನಾಥ ವಿದ್ಯಾಲಯದ ಹೆಸರು ಹೇಳಿದರೆ ರಿಕ್ಷಾದವನಿಗೂ ಗೊತ್ತು. ಮಳೆಗಾಲದಲ್ಲಿ ಊರಿನ ಯಕ್ಷಗಾನ ಕಲಾವಿದರು ಮುಂಬಯಿ ಕಡೆ ಬಂದರೆ ಅಮ್ಮನನ್ನು ಆಟಕ್ಕೆ ಕರೆದೊಯ್ಯಲು ಯಾರಾದರೂ ಇರುತ್ತಿದ್ದರು. ಖಡವಲಿಯಲ್ಲಿ ನೆರೆಯವರು ಒಳ್ಳೆಯವರೇ, ಹಬ್ಬಕ್ಕೆ ಪೂರಣಪೋಳಿ ತಂದುಕೊಡುವವರು. ಆದರೆ ಮಾತು ನಗೆಯಲ್ಲೇ ಮುಗಿಯುತ್ತಿತ್ತು. ಹೆಂಡತಿ ಮಕ್ಕಳೊಂದಿಗೆ ತವರಿಗೆ ಹೋಗಿದ್ದ ಒಂದು ದಿನ ರಾತ್ರಿ ಹತ್ತಕ್ಕೆ ನಾನು ಒಳಗೆ ಕಾಲಿಟ್ಟಾಗ ಅಮ್ಮ ಹೇಳಿದರು: "ಬೆಳಿಗ್ಗೆಯಿಂದ ಯಾರ ಹತ್ರವೂ ಮಾತಾಡ್ಲಿಲ್ಲ ಮಗಾ. ನನ್ನ ಸ್ವರ ಹ್ಯಾಂಗಿತ್ತಂತ ಮರ್ತೇ ಹೋಯ್ತ್."

ನಾನು ವಾರಕ್ಕೊಮ್ಮೆ ಅನುಭವಿಸುತ್ತಿದ್ದ ಶಾಂತಿಯನ್ನು ಅವರು ವಾರವಿಡೀ ಹೊತ್ತುಕೊಂಡಿದ್ದರು. ನನಗೆ ಕೊಳ್ಳಬೇಕೆನಿಸಿದ ಮೌನ ಅವರ ಪಾಲಿಗೆ ಬಂದಿತ್ತು.

2016ರ ಮಳೆಗಾಲದಲ್ಲಿ ಒಂದು ರಾತ್ರಿ ಅವರಿಗೆ ಎದೆನೋವು ಬಂತು. ಒಂಬತ್ತಕ್ಕೆಲ್ಲ ಸ್ಟೇಷನ್ ಮುಂದಿನ ರಿಕ್ಷಾಗಳು ಖಾಲಿ. ಪಕ್ಕದ ಮನೆಯ ಹುಡುಗ ಹಾಲಿನ ಟೆಂಪೊ ತಂದ. ಹೊಂಡ ತಪ್ಪಿಸುತ್ತಾ, ಅಮ್ಮನ ಕೈ ಹಿಡಿದು ಕೂತು ಕಲ್ಯಾಣ್ ಮುಟ್ಟಲು ಒಂದೂವರೆ ಗಂಟೆಯಾಯಿತು. ದೇವರು ದೊಡ್ಡವನು, ಉಳಿದರು. ಆ ಹುಡುಗನ ಋಣ ನಮ್ಮ ಮೇಲಿದೆ. ಆದರೆ ಡೊಂಬಿವಲಿಯಲ್ಲಿ ನಮ್ಮ ಬೀದಿಯ ಡಾಕ್ಟರ್ ಮೆಟ್ಟಿಲು ಹತ್ತಿ ಬರುತ್ತಿದ್ದುದು ಆ ಇಡೀ ದಾರಿ ನನ್ನನ್ನು ಚುಚ್ಚಿತು.

ಆಮೇಲೂ ಮೂರು ವರ್ಷ ಹಟ ಹಿಡಿದೆ. ಅಷ್ಟರಲ್ಲಿ ಟಿಟ್ವಾಲಾ ಕಡೆ ಗದ್ದೆಗಳಲ್ಲಿ ಏಳು ಮಹಡಿಯ ಕಟ್ಟಡಗಳು ಎದ್ದವು. ಮೌನ ಹೋಯಿತು, ರಸ್ತೆ ಮಾತ್ರ ಬರಲಿಲ್ಲ. ಮುಂಬಯಿಗೆ ಕುಡಿಯುವ ನೀರಿನ ದೊಡ್ಡ ಪಾಲು ಕೊಡುವುದು ಇದೇ ಭಾತ್ಸಾದ ಅಣೆಕಟ್ಟು. ಅದರ ಕೆಳಗಿದ್ದ ನಾವು ಏಪ್ರಿಲ್ ಬಂದರೆ ಬೋರ್‌ವೆಲ್ ನೋಡುತ್ತಾ ಕೂರುತ್ತಿದ್ದೆವು.

2019ರ ಜುಲೈ ಕೊನೆಯಲ್ಲಿ ಉಲ್ಹಾಸ್ ನದಿ ಉಕ್ಕಿ ಬದ್ಲಾಪುರ-ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನಲ್ಲಿ ನಿಂತಿತು; ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಹೊರತಂದರು. ಒಂದು ವಾರ ಕಳೆಯಿತು, ನಮ್ಮ ಸರದಿ. ಆಗಸ್ಟ್ 4ರಂದು ಖಡವಲಿ ಬಳಿಯ ಜೂ-ನಾಂದಖುರಿ ಹಳ್ಳಿಯವರನ್ನು ವಾಯುಪಡೆಯ ಹೆಲಿಕಾಪ್ಟರ್ ಎತ್ತಬೇಕಾಯಿತು. ಆ ಸದ್ದಿಗೆ ಅಮ್ಮ ಅಂಗಳಕ್ಕೆ ಬಂದು ತಲೆಯೆತ್ತಿ ನಿಂತರು. ನಮ್ಮ ಮನೆಗೆ ನೀರು ಬರಲಿಲ್ಲ. ಆದರೆ ಆ ಸಂಜೆ ಹೆಂಡತಿ ಡೊಂಬಿವಲಿಯ ಬಾಡಿಗೆದಾರರಿಗೆ ಫೋನ್ ಮಾಡಿದಳು. ನಾನು ಅಡ್ಡ ಬರಲಿಲ್ಲ.

ಹಿಂದಿರುಗುವ ಮುನ್ನ ಬೇರೆ ಕಡೆಯೂ ನೋಡಿದೆವು. ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಕಿಟಕಿಯಿಂದ ಯೇಊರ್ ಗುಡ್ಡ ಕಾಣುತ್ತದೆ, ಸ್ಟೇಷನ್ ಮಾತ್ರ ದೂರ. ನವಿ ಮುಂಬಯಿಯ ನೆರೂಳ್ ಹೆಂಡತಿಗೆ ಬಹಳ ಹಿಡಿಸಿತು. ಅದನ್ನು ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೊ 1970ರಲ್ಲಿ ಹುಟ್ಟಿದ್ದೇ ಹೊಸ ಊರು ಕಟ್ಟಲು. ಅಗಲ ರಸ್ತೆ, ನಡೆದು ತಲುಪುವ ಸ್ಟೇಷನ್, ಕೆರೆಗೆ ಇಳಿಯುವ ರಾಜಹಂಸಗಳು. ಶಾಂತಿಯೂ ಸಂಪರ್ಕವೂ ಒಟ್ಟಿಗೆ ಬೇಕೆಂದರೆ ಈ ಭಾಗದಲ್ಲಿ ಅದಕ್ಕೆ ಸಮನಾದದ್ದಿಲ್ಲ ಎಂದೇ ಈಗಲೂ ನನ್ನ ಅಭಿಪ್ರಾಯ. ನಮ್ಮ ಕೈಗೆ ಎಟುಕಲಿಲ್ಲ, ಅಷ್ಟೆ. ಅಮ್ಮನಿಗೆ ಕೇಳಿದರೆ ಒಂದೇ ಉತ್ತರ: "ಭಜನೆ ಮನೆ ಹತ್ರ ಇದ್ರೆ ಸಾಕು."

ಡೊಂಬಿವಲಿಯನ್ನು ನಾನು ಹೊಗಳುತ್ತಿಲ್ಲ. ಬೆಳಗಿನ ಲೋಕಲ್‌ಗೆ ನುಗ್ಗುವುದು ಜೀವಕ್ಕೇ ಅಪಾಯ. 2025ರ ಜೂನ್ 9ರಂದು ಮುಂಬ್ರಾ ಹತ್ತಿರ ಕಿಕ್ಕಿರಿದ ಗಾಡಿಗಳಿಂದ ಬಿದ್ದು ಸತ್ತವರು ನಮ್ಮ ಹಾಗೆ ಕೆಲಸಕ್ಕೆ ಹೊರಟ ಜನ. ಆ ದಿನದಿಂದ ಮಗಳು ಕಾಲೇಜು ಮುಟ್ಟಿ ಫೋನ್ ಮಾಡುವವರೆಗೆ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಆದರೂ ಈ ಗದ್ದಲದಲ್ಲಿ ಅಮ್ಮನಿಗೆ ಸ್ವರ ಮರಳಿ ಬಂದಿದೆ, ಹೆಂಡತಿ ಮತ್ತೆ ಪಾಠ ಹೇಳುತ್ತಿದ್ದಾಳೆ.

ಟಿಟ್ವಾಲಾದಾಚೆಗೋ ಮುರಬಾಡ್ ರಸ್ತೆಗೋ ಮನೆ ನೋಡಲು ಹೊರಟವರಿಗೆ ನನ್ನ ಕೋರಿಕೆ ಇಷ್ಟೇ. ಡಿಸೆಂಬರಿನ ಭಾನುವಾರ ಕಾರಿನಲ್ಲಿ ಹೋಗಿ ಟೋಕನ್ ಕೊಟ್ಟು ಬರಬೇಡಿ. ಜುಲೈಯಲ್ಲಿ, ಕೆಲಸದ ದಿನ, ಕೊನೆಯ ಲೋಕಲ್‌ನಲ್ಲಿ ಇಳಿದು ಆ ಮನೆಯವರೆಗೆ ನಡೆದು ನೋಡಿ. ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡಿ. ಹಳೆಯ ಮನೆಯನ್ನು ಕೂಡಲೇ ಮಾರಬೇಡಿ. ನಾವು ಮಾರಿದ್ದರೆ ಹಿಂತಿರುಗಲು ಜಾಗವೇ ಇರುತ್ತಿರಲಿಲ್ಲ. ಮತ್ತು ಹಗಲಿಡೀ ಆ ಮನೆಯಲ್ಲಿ ಇರಬೇಕಾದವರು ಯಾರೋ ಅವರನ್ನೇ ಮೊದಲು ಕೇಳಿ. ನಾನು ಕೇಳಿರಲಿಲ್ಲ.